ನಿಲ್ಲಿಸಿಟ್ಟ ಮೋಟರ್‌ಹೋಮ್‌ನ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಡುಗೆ, ಮಲಗುವ ವ್ಯವಸ್ಥೆಯೆಲ್ಲ ಒಳಗೇ ಇರುವ ವಾಹನವೇ ಮೋಟರ್‌ಹೋಮ್. ಅಮೆರಿಕದ ಮಿನೆಸೋಟಾ, ಮಿಷಿಗನ್, ಕೆನಡಾದ ಒಂಟಾರಿಯೊ ಕಡೆಯ ಮೋಟರ್‌ಹೋಮ್‌ಗಳು ಅಕ್ಟೋಬರ್ ಮುಗಿಯುವ ಹೊತ್ತಿಗೆ ಮನೆಯಂಗಳಕ್ಕೋ ಬಾಡಿಗೆಯ ಸ್ಟೋರೇಜ್ ಜಾಗಕ್ಕೋ ಸೇರಿದರೆ ಮತ್ತೆ ರಸ್ತೆಗಿಳಿಯುವುದು ಏಪ್ರಿಲ್‌ನಲ್ಲಿ. ಡಿಸೆಂಬರ್ ರಜೆಗೆ ಊರಿಗೆ ಹೊರಟುಬಿಡುವ ಕನ್ನಡಿಗರ ವಾಹನವಂತೂ ವಾರಗಟ್ಟಲೆ ಯಾರ ಕಣ್ಣಿಗೂ ಬೀಳದೆ ನಿಂತಿರುತ್ತದೆ. ಚಳಿಗಾಲ ಕಳೆದು ಕೀಲಿ ತಿರುಗಿಸಿದಾಗ ಸೆಲ್ಫ್ ಹೊಡೆಯುವುದಿಲ್ಲ, ಒಳಗಿನ ದೀಪವೂ ಹತ್ತುವುದಿಲ್ಲ. ನಿಂತ ವಾಹನದ ಬ್ಯಾಟರಿ ಹಾಳಾಗುವುದು ಹೆಚ್ಚಿನ ಪಾಲು ನಾವು ಆಫ್ ಮಾಡಿದ್ದೇವೆಂದು ನಂಬಿರುವ ಉಪಕರಣಗಳಿಂದ. ಆದ್ದರಿಂದ ಹೊಸ ಚಾರ್ಜರ್ ಅಥವಾ ಸೋಲಾರ್ ಪ್ಯಾನೆಲ್ ಕೊಳ್ಳುವ ಮೊದಲು ಆ ಬಳಕೆಯನ್ನು ಹುಡುಕಿ ಕಡಿಯಬೇಕು ಎಂಬುದು ಇಲ್ಲಿನ ಉತ್ತರಗಳ ಹಿಂದಿರುವ ನಿಲುವು.

ಎಲ್ಲ ಸ್ವಿಚ್‌ಗಳನ್ನೂ ಆಫ್ ಮಾಡಿಯೇ ಬಂದಿದ್ದೆವು. ಆದರೂ ಬ್ಯಾಟರಿ ಏಕೆ ಇಳಿಯುತ್ತದೆ?

ಎರಡು ಕಾರಣಗಳಿವೆ. ಎರಡರ ಗಾತ್ರದಲ್ಲಿ ಬಹಳ ವ್ಯತ್ಯಾಸವಿದೆ.

ಮೊದಲನೆಯದು ಬ್ಯಾಟರಿ ತನ್ನಷ್ಟಕ್ಕೆ ತಾನೇ ಚಾರ್ಜ್ ಕಳೆದುಕೊಳ್ಳುವುದು. ನೀರು ತುಂಬಿಸುವ ಮಾಮೂಲಿ ಲೆಡ್-ಆಸಿಡ್ ಬ್ಯಾಟರಿ, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ತಿಂಗಳಿಗೆ ಸುಮಾರು ಶೇ. 5ರಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ. ಹಳೆಯದಾದರೆ ಇದು ಇನ್ನೂ ಹೆಚ್ಚು. ಎಜಿಎಂ (ನೀರು ತುಂಬಿಸಬೇಕಿಲ್ಲದ, ಮುಚ್ಚಿದ ಬಗೆಯ ಲೆಡ್-ಆಸಿಡ್) ಮತ್ತು ಲಿಥಿಯಂ ಬ್ಯಾಟರಿಗಳಲ್ಲಿ ಶೇ. 1ರಿಂದ 3ರ ಒಳಗೆ ಇರುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಈ ನಷ್ಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಇಳಿದರೆ ಅರ್ಧವಾಗುತ್ತದೆ. ಅಂದರೆ ಪೂರ್ತಿ ಚಾರ್ಜ್ ಮಾಡಿ, ಯಾವ ತಂತಿಯೂ ತಗಲದಂತೆ ತಣ್ಣನೆಯ ಜಾಗದಲ್ಲಿಟ್ಟ ಬ್ಯಾಟರಿ ಇಡೀ ಚಳಿಗಾಲವನ್ನು ಸುಲಭವಾಗಿ ದಾಟುತ್ತದೆ.

ಎರಡನೆಯದು, ಮೆಕ್ಯಾನಿಕ್‌ಗಳು ಪ್ಯಾರಾಸಿಟಿಕ್ ಲೋಡ್ ಎನ್ನುವ ಸದ್ದಿಲ್ಲದ ಬಳಕೆ. ಕೇವಲ 100 ಮಿಲಿ ಆಂಪಿಯರ್ ಎಳೆಯುವ ಒಂದು ಉಪಕರಣ ದಿನಕ್ಕೆ 2.4 ಆಂಪಿಯರ್-ಅವರ್ (ಒಂದು ಆಂಪಿಯರ್‌ನಂತೆ ಒಂದು ಗಂಟೆ ಎಳೆದರೆ ಒಂದು ಆಂಪಿಯರ್-ಅವರ್), 30 ದಿನಕ್ಕೆ 72 ಆಂಪಿಯರ್-ಅವರ್ ತೆಗೆದುಕೊಂಡುಬಿಡುತ್ತದೆ. ನಿಮ್ಮಲ್ಲಿರುವುದು 100 ಆಂಪಿಯರ್-ಅವರ್ ಬ್ಯಾಟರಿಯಾದರೆ ಒಂದೇ ತಿಂಗಳಲ್ಲಿ ಮುಕ್ಕಾಲು ಪಾಲು ಹೋದಂತಾಯಿತು. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಹಾಗೆಯೇ ಬಿಟ್ಟರೆ ಅದರ ಪ್ಲೇಟುಗಳ ಮೇಲೆ ಕೂಡುವ ಲೆಡ್ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಹೊತ್ತು ಚಾರ್ಜರ್‌ಗೆ ಹಾಕಿದರೂ ಅದು ಪೂರ್ತಿ ಕರಗುವುದಿಲ್ಲ. "ಬ್ಯಾಟರಿ ಚಾರ್ಜ್ ಹಿಡಿಯುತ್ತಿಲ್ಲ" ಎಂಬ ದೂರಿನ ಹಿಂದೆ ಬಹುಪಾಲು ಇರುವುದು ಇದೇ.

ಮೋಟರ್‌ಹೋಮ್‌ನಲ್ಲಿ ಎಷ್ಟು ಬ್ಯಾಟರಿಗಳಿರುತ್ತವೆ?

ಎರಡು ಬೇರೆ ಬೇರೆ ವ್ಯವಸ್ಥೆಗಳಿರುತ್ತವೆ. ಎಂಜಿನ್ ಚಾಲೂ ಮಾಡುವ, ಡ್ಯಾಶ್‌ಬೋರ್ಡಿಗೆ ವಿದ್ಯುತ್ ಕೊಡುವ ಎಂಜಿನ್ ಬ್ಯಾಟರಿ ಒಂದು. ವಾಸದ ಭಾಗದ ದೀಪ, ನೀರಿನ ಪಂಪು, ಹೀಟರಿನ ಫ್ಯಾನು, ಫ್ರಿಜ್ಜಿನ ಕಂಟ್ರೋಲ್ ಬೋರ್ಡು ಇವುಗಳಿಗೆ ವಿದ್ಯುತ್ ಕೊಡುವ ಹೌಸ್ ಬ್ಯಾಟರಿ ಇನ್ನೊಂದು. ಬ್ರಿಟನ್ನಿನಲ್ಲಿ ಇದನ್ನು ಲೀಷರ್ ಬ್ಯಾಟರಿ ಎನ್ನುತ್ತಾರೆ. ಎರಡೂ 12 ವೋಲ್ಟ್‌ನವೇ. ಆದರೆ ಹೌಸ್ ಬ್ಯಾಟರಿಯ ಜಾಗದಲ್ಲಿ 6 ವೋಲ್ಟ್‌ನ ಎರಡು ಗಾಲ್ಫ್ ಕಾರ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುವುದೂ ಉಂಟು. ಮುಂದಿನ ಎಲ್ಲ ಉತ್ತರಗಳಲ್ಲೂ ಈ ಎರಡನ್ನು ಬೇರೆಬೇರೆಯಾಗಿಯೇ ನೋಡಬೇಕು, ಏಕೆಂದರೆ ಒಂದಕ್ಕೆ ಮಾಡಿದ ವ್ಯವಸ್ಥೆ ಇನ್ನೊಂದಕ್ಕೂ ತಾನಾಗಿ ಅನ್ವಯಿಸುತ್ತದೆ ಎಂದು ನಂಬಿಯೇ ಬಹಳಷ್ಟು ಜನ ಏಪ್ರಿಲ್‌ನಲ್ಲಿ ಜಂಪ್ ಕೇಬಲ್ ಹುಡುಕುತ್ತಾರೆ.

ಹಾಗಾದರೆ ವಿದ್ಯುತ್ ಎಳೆಯುತ್ತಿರುವವರು ಯಾರು?

ಎಲ್ಲಕ್ಕಿಂತ ಮೊದಲ ಹೆಸರು ಗ್ಯಾಸ್ ಡಿಟೆಕ್ಟರ್. ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ನೆಲಕ್ಕೆ ಹತ್ತಿರ, ಸಾಮಾನ್ಯವಾಗಿ ಅಡುಗೆಕಟ್ಟೆಯ ಬುಡದಲ್ಲಿ, ಒಂದು ಹಸಿರು ದೀಪದೊಂದಿಗೆ ಇರುವ ಪ್ರೊಪೇನ್ ಡಿಟೆಕ್ಟರ್ ಹಗಲೂ ರಾತ್ರಿ 50ರಿಂದ 150 ಮಿಲಿ ಆಂಪಿಯರ್ ಎಳೆಯುತ್ತಿರುತ್ತದೆ. ಸುರಕ್ಷತೆಯ ಉಪಕರಣವಾದ್ದರಿಂದ ಅದಕ್ಕೆ ಸ್ವಿಚ್ಚನ್ನೇ ಕೊಟ್ಟಿರುವುದಿಲ್ಲ. ಗ್ಯಾಸ್ ವಾಲ್ವ್ ಮುಚ್ಚಿ, ಒಳಗೆ ಯಾರೂ ಮಲಗದೆ ತಿಂಗಳುಗಟ್ಟಲೆ ನಿಲ್ಲಿಸುವಾಗ ಅದರ ಫ್ಯೂಸ್ ತೆಗೆಯುವುದರಲ್ಲಿ ತಪ್ಪಿಲ್ಲ. ಆದರೆ ವಾಹನವನ್ನು ಹೊರತೆಗೆದ ದಿನ ಫ್ಯೂಸ್ ಮರಳಿ ಹಾಕಿ, ಪರೀಕ್ಷಾ ಗುಂಡಿ ಒತ್ತಿ ನೋಡದೆ ಆ ವಾಹನದೊಳಗೆ ಮಲಗಬಾರದು. ತೆಗೆದ ಫ್ಯೂಸನ್ನು ಸ್ಟೀರಿಂಗ್ ಚಕ್ರಕ್ಕೆ ಟೇಪು ಹಾಕಿ ಅಂಟಿಸಿಟ್ಟರೆ ಮರೆಯುವ ಮಾತೇ ಇಲ್ಲ.

ಎರಡನೆಯವನು ಇನ್ವರ್ಟರ್. ಯಾವ ಉಪಕರಣ ಜೋಡಿಸದಿದ್ದರೂ, ಆನ್ ಆಗಿರುವ 2,000 ವಾಟ್‌ನ ಇನ್ವರ್ಟರ್ ತನ್ನ ಪಾಡಿಗೆ 1ರಿಂದ 2 ಆಂಪಿಯರ್ ತಿನ್ನುವುದು ಸಾಮಾನ್ಯ. ದಿನಕ್ಕೆ 24ರಿಂದ 48 ಆಂಪಿಯರ್-ಅವರ್ ಎಂದಾದರೆ 100 ಆಂಪಿಯರ್-ಅವರ್ ಬ್ಯಾಟರಿ ವಾರವನ್ನೂ ಕಾಣುವುದಿಲ್ಲ. ಗೋಡೆಯ ರಿಮೋಟ್ ಪ್ಯಾನೆಲ್‌ನಲ್ಲಿ ಆಫ್ ಒತ್ತಿದರೆ ಸಾಕೆಂದುಕೊಳ್ಳಬೇಡಿ. ಇನ್ವರ್ಟರಿನ ಮೈಮೇಲೆಯೇ ಇರುವ ಮುಖ್ಯ ಸ್ವಿಚ್ಚನ್ನೂ ನೋಡಿ.

ಉಳಿದವು ಕಣ್ಣಿಗೆ ಬೀಳದಂಥವು. ಟಿವಿ ಆಂಟೆನಾದ ಬೂಸ್ಟರ್ ಬಲು ಮೋಸಗಾರ. ಟಿವಿಯ ಹಿಂದೆಯೋ ಮೇಲಿನ ಕಪಾಟಿನೊಳಗೋ ಕೇಬಲ್ ಸಾಕೆಟ್ ಇರುವ ಒಂದು ಗೋಡೆ ಪ್ಲೇಟು, ಅದರ ಮೇಲೆ ಬೆರಳ ತುದಿಯಷ್ಟು ದೊಡ್ಡ ಗುಂಡಿ, ಪಕ್ಕದಲ್ಲಿ ಸಾಸಿವೆ ಗಾತ್ರದ ಎಲ್‌ಇಡಿ. ಹಗಲಿನಲ್ಲಿ ಆ ದೀಪ ಕಾಣುವುದೇ ಇಲ್ಲ. ಆದ್ದರಿಂದ ವಾಹನವನ್ನು ಬಿಟ್ಟುಬರುವ ಮುನ್ನ ಪರದೆಗಳನ್ನೆಲ್ಲ ಎಳೆದು, ಕತ್ತಲೆ ಮಾಡಿಕೊಂಡು, ಒಮ್ಮೆ ಸುಮ್ಮನೆ ನಿಂತು ಸುತ್ತ ನೋಡಿ. ಬೆಳಗುತ್ತಿರುವ ಪ್ರತಿ ಚುಕ್ಕೆಯೂ ಬ್ಯಾಟರಿಯಿಂದಲೇ ಬೆಳಗುತ್ತಿದೆ.

ಕೆಲವು ಹಳೆಯ ಫ್ರಿಜ್‌ಗಳಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಬೆವರು ಕಟ್ಟದಂತೆ ತಡೆಯುವ ಸಣ್ಣ ಹೀಟರ್ ಇರುತ್ತದೆ. ಅದರ ಸ್ವಿಚ್ ಫ್ರಿಜ್ಜಿನ ಒಳಗಡೆ ಇರುವುದರಿಂದ ಎಷ್ಟೋ ಮಾಲೀಕರಿಗೆ ಅದು ಇರುವುದೇ ಗೊತ್ತಿರುವುದಿಲ್ಲ, ಫ್ರಿಜ್ ಆಫ್ ಆದರೂ ಅದು ಬಿಸಿಯಾಗುತ್ತಲೇ ಇರಬಹುದು. ಸಾಮಾನು ಇಡುವ ಹೊರ ಅರೆಗಳ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅಲ್ಲಿನ ದೀಪ ಹತ್ತಿಕೊಂಡೇ ಇರುತ್ತದೆ. ಇವುಗಳ ಜೊತೆಗೆ ರೇಡಿಯೋದ ಮೆಮೊರಿ, ವಿದ್ಯುತ್ ಮೆಟ್ಟಿಲಿನ ಕಂಟ್ರೋಲರ್, ಸೋಲಾರ್ ಕಂಟ್ರೋಲರ್, ಜಿಪಿಎಸ್ ಟ್ರ್ಯಾಕರ್ ಸೇರುತ್ತವೆ.

ಎಂಜಿನ್ ಬ್ಯಾಟರಿಯ ಕಡೆ ಅಲಾರಂ, ಕೀಲಿಯ ರಿಸೀವರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲ ಸೇರಿ, ವಾಹನ ಪೂರ್ತಿ ನಿದ್ದೆಗೆ ಜಾರಿದ ಮೇಲೂ 20ರಿಂದ 50 ಮಿಲಿ ಆಂಪಿಯರ್ ಬಳಕೆ ಇದ್ದೇ ಇರುತ್ತದೆ. ಇದು ದೋಷವಲ್ಲ, ತಯಾರಕರು ಒಪ್ಪಿಕೊಂಡ ಲೆಕ್ಕ. ಆದರೆ 50 ಮಿಲಿ ಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, 95 ಆಂಪಿಯರ್-ಅವರ್ ಬ್ಯಾಟರಿ ಸುಮಾರು 40 ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ ಮೆಕ್ಯಾನಿಕ್‌ಗಳು ದೋಷ ಪರೀಕ್ಷಿಸಲು ಬಳಸುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸಿದ ಸಣ್ಣ ಬ್ಲೂಟೂತ್ ಸಾಧನವೊಂದು ಇದ್ದರೆ ಇನ್ನೂ ಬೇಗ, ಏಕೆಂದರೆ ಅಂಥವು ವಾಹನವನ್ನು ಸರಿಯಾಗಿ ನಿದ್ದೆ ಮಾಡಗೊಡದೆ ಎಬ್ಬಿಸುತ್ತಿರಬಹುದು.

ನಮ್ಮ ವಾಹನದಲ್ಲಿ ಎಷ್ಟು ಹೋಗುತ್ತಿದೆ ಎಂದು ಅಳೆಯುವುದು ಹೇಗೆ?

ಡಿಸಿ ಆಂಪಿಯರ್ ಅಳೆಯಬಲ್ಲ ಕ್ಲಾಂಪ್ ಮೀಟರ್ ಇದ್ದರೆ ಕೆಲಸ ಸುಲಭ. ಅಗ್ಗದ ಹಲವು ಕ್ಲಾಂಪ್ ಮೀಟರ್‌ಗಳು ಎಸಿಯನ್ನು ಮಾತ್ರ ಅಳೆಯುತ್ತವೆ, ಕೊಳ್ಳುವಾಗ ಗಮನಿಸಿ. ಮೀಟರನ್ನು ಗಾಳಿಯಲ್ಲಿ ಹಿಡಿದು ಸೊನ್ನೆಗೆ ತಂದು, ಬ್ಯಾಟರಿಯ ಮೈನಸ್ ಟರ್ಮಿನಲ್‌ಗೆ ಬರುವ ಎಲ್ಲ ತಂತಿಗಳನ್ನೂ ಒಟ್ಟಿಗೆ ದವಡೆಯೊಳಗೆ ಸೇರಿಸಿ ಓದಿ.

ಸಾಮಾನ್ಯ ಮಲ್ಟಿಮೀಟರ್ ಇದ್ದರೆ ಅದನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ ಮೈನಸ್ ಟರ್ಮಿನಲ್ ಮತ್ತು ಮೈನಸ್ ಕೇಬಲ್ಲಿನ ನಡುವೆ ಸರಣಿಯಲ್ಲಿ ಜೋಡಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಕೇಬಲ್ ಬಿಚ್ಚಿ ಆಮೇಲೆ ಮೀಟರ್ ಹಾಕಿದರೆ ಎಂಜಿನ್ನಿನ ಇಸಿಯು ಎಚ್ಚರಗೊಂಡು ಹಲವು ಆಂಪಿಯರ್ ತೋರಿಸುತ್ತದೆ, ನೋಡಿದವರು ಗಾಬರಿಯಾಗುತ್ತಾರೆ. ಆದ್ದರಿಂದ ಮೀಟರಿನ ಒಂದು ತುದಿಯನ್ನು ಟರ್ಮಿನಲ್ಲಿಗೂ ಇನ್ನೊಂದನ್ನು ಕೇಬಲ್ಲಿನ ಕ್ಲಾಂಪಿಗೂ ಮೊದಲೇ ಕಚ್ಚಿಸಿ, ಸಂಪರ್ಕ ತಪ್ಪದಂತೆ ಕ್ಲಾಂಪನ್ನು ಮೆಲ್ಲಗೆ ಎತ್ತಬೇಕು. ಅಷ್ಟಾದರೂ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಬಾಗಿಲು ತೆರೆದಿಟ್ಟೇ ಅಳೆಯಬೇಕಾದರೆ ಬಾಗಿಲಿನ ಲಾಚನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿಡಿ, ಇಲ್ಲವಾದರೆ ವಾಹನ ಮಲಗುವುದಿಲ್ಲ. ಮೀಟರ್ ನಡುವೆ ಇರುವಾಗ ಮಾತ್ರ ಸೆಲ್ಫ್ ಹೊಡೆಯಬೇಡಿ, ಸ್ಲೈಡ್-ಔಟ್ (ಹೊರಕ್ಕೆ ಚಾಚುವ ಕೋಣೆ) ಚಲಾಯಿಸಬೇಡಿ. ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.

ಮೀಟರ್ ತೋರಿಸುವ ಅಂಕಿ ಹೆಚ್ಚಿದ್ದರೆ ಮುಂದಿನ ಹೆಜ್ಜೆ ಫ್ಯೂಸ್ ಬಾಕ್ಸ್. ಒಂದೊಂದೇ ಫ್ಯೂಸ್ ತೆಗೆದು ಮೀಟರಿನ ಅಂಕಿ ಯಾವಾಗ ಬೀಳುತ್ತದೆ ಎಂದು ನೋಡುವುದು ಹಳೆಯ ಕ್ರಮ. ನನಗೆ ಹೆಚ್ಚು ಹಿಡಿಸುವುದು ಫ್ಯೂಸನ್ನು ಕೀಳದೆಯೇ ಪರೀಕ್ಷಿಸುವ ವಿಧಾನ. ಬ್ಲೇಡ್ ಫ್ಯೂಸಿನ ನೆತ್ತಿಯ ಮೇಲೆ ಲೋಹ ಕಾಣುವ ಎರಡು ಪುಟ್ಟ ಕಿಂಡಿಗಳಿರುತ್ತವೆ. ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ ಎರಡು ಮೊನೆಗಳನ್ನು ಅಲ್ಲಿ ಮುಟ್ಟಿಸಿದರೆ, ಸೊನ್ನೆ ಬಂದಲ್ಲಿ ಏನೂ ಹರಿಯುತ್ತಿಲ್ಲ, ಒಂದು ಮಿಲಿವೋಲ್ಟಿನ ಭಾಗವಾದರೂ ಕಂಡಲ್ಲಿ ಆ ದಾರಿಯಲ್ಲಿ ಯಾರೋ ಎಚ್ಚರವಾಗಿದ್ದಾರೆ. ಈ ಕ್ರಮದಲ್ಲಿ ಯಾವ ಉಪಕರಣವೂ ಮತ್ತೆ ಎದ್ದು ಕೂರುವುದಿಲ್ಲ, ಲೆಕ್ಕ ತಪ್ಪುವುದಿಲ್ಲ.

ಬಾಗಿಲ ಬಳಿ ಡಿಸ್ಕನೆಕ್ಟ್ ಸ್ವಿಚ್ ಇದೆ. ಅದನ್ನು ಒತ್ತಿದರೆ ಸಾಲದೇ?

ಸಾಲದೇ ಹೋಗುವ ಸಾಧ್ಯತೆ ಹೆಚ್ಚು. "ಯೂಸ್" ಮತ್ತು "ಸ್ಟೋರ್" ಎಂದು ಬರೆದ ಆ ಸ್ವಿಚ್ ಒಂದು ರಿಲೇಯ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಮೂಲಕ ವಾಸದ ಭಾಗದ ಬಹುಪಾಲು ಲೋಡನ್ನು ಕಡಿಯುತ್ತದೆ, ನಿಜ. ಆದರೆ ಗ್ಯಾಸ್ ಡಿಟೆಕ್ಟರ್, ವಿದ್ಯುತ್ ಮೆಟ್ಟಿಲು, ಸೋಲಾರ್ ಕಂಟ್ರೋಲರ್, ಇನ್ವರ್ಟರ್ ಮೊದಲಾದವನ್ನು ತಯಾರಕರು ಎಷ್ಟೋ ಮಾದರಿಗಳಲ್ಲಿ ಆ ರಿಲೇಗಿಂತ ಹಿಂದೆ, ನೇರವಾಗಿ ಬ್ಯಾಟರಿಗೇ ಜೋಡಿಸಿರುತ್ತಾರೆ. ಎಂಜಿನ್ ಬ್ಯಾಟರಿಗೂ ಆ ಸ್ವಿಚ್ಚಿಗೂ ಸಾಮಾನ್ಯವಾಗಿ ಸಂಬಂಧವೇ ಇರುವುದಿಲ್ಲ.

ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೇ ಕೂರಿಸುವ, ಕೈಯಿಂದ ತಿರುಗಿಸುವ ಯಾಂತ್ರಿಕ ಸ್ವಿಚ್ಚೇ ನಂಬಿಕೆಗೆ ಅರ್ಹವಾದದ್ದು. ಹೌಸ್ ಬ್ಯಾಟರಿಗೆ ಹಾಕುವುದಾದರೆ ಇನ್ವರ್ಟರ್ ಎಳೆಯುವ ಗರಿಷ್ಠ ಆಂಪಿಯರನ್ನು ತಾಳುವಂಥದ್ದನ್ನೇ ಕೊಳ್ಳಬೇಕು. ಹಾಕಿದ ಮೇಲೆ ಮೀಟರಿನಲ್ಲಿ ಮತ್ತೊಮ್ಮೆ ಅಳೆದು ಸೊನ್ನೆ ಬರುವುದನ್ನು ಕಣ್ಣಾರೆ ನೋಡಿ, ಏಕೆಂದರೆ ಮೈನಸ್ ಕಂಬಕ್ಕೆ ಎರಡನೆಯ ತೆಳುವಾದ ತಂತಿಯೊಂದು ಬೇರೆಯಾಗಿ ಬಂದು ಸೇರಿರುವುದು ಅಪರೂಪವಲ್ಲ. ಸೋಲಾರ್ ಇರುವವರು ಮೊದಲು ಪ್ಯಾನೆಲ್ಲಿನ ಸಂಪರ್ಕ ಕಡಿದು ಆಮೇಲೆ ಬ್ಯಾಟರಿ ಕಡಿಯಬೇಕು, ಮರಳಿ ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬ್ಯಾಟರಿಯಿಲ್ಲದೆ ಬಿಸಿಲಿಗೆ ಬಿದ್ದ ಕೆಲವು ಕಂಟ್ರೋಲರ್‌ಗಳು ಕೆಡುತ್ತವೆ.

ಎಂಜಿನ್ ಬ್ಯಾಟರಿಯ ಸಂಪರ್ಕ ತೆಗೆದರೆ ತೊಂದರೆ ಏನಾದರೂ ಇದೆಯೇ?

ದೊಡ್ಡ ತೊಂದರೆಯಿಲ್ಲ, ಸಣ್ಣ ಕಿರಿಕಿರಿಗಳಿವೆ. ರೇಡಿಯೋ ಕೋಡ್ ಕೇಳಬಹುದು, ಕಿಟಕಿಗಳ ಆಟೋ ವ್ಯವಸ್ಥೆಯನ್ನು ಮತ್ತೆ ಹೊಂದಿಸಬೇಕಾಗಬಹುದು. ಅಲಾರಂ ಕೆಲಸ ಮಾಡುವುದಿಲ್ಲ, ಅಥವಾ ಅದರ ಸೈರನ್ನಿಗೆ ತನ್ನದೇ ಬ್ಯಾಟರಿ ಇದ್ದರೆ ಸಂಪರ್ಕ ತೆಗೆದ ಕೂಡಲೇ ಕೂಗಲು ಶುರುಮಾಡುತ್ತದೆ. ವಿಮೆಯ ಷರತ್ತಿನಲ್ಲಿ ಅಲಾರಂ ಅಥವಾ ಟ್ರ್ಯಾಕರ್ ಚಾಲೂ ಇರಬೇಕೆಂದಿದ್ದರೆ ಆ ಪತ್ರವನ್ನು ಮೊದಲು ಓದಿಕೊಳ್ಳಿ. ರಿಮೋಟ್ ಕೀಲಿ ಕೆಲಸ ಮಾಡದ ಕಾರಣ ಲೋಹದ ಕೀಲಿಯಿಂದಲೇ ಬಾಗಿಲು ತೆರೆಯಬೇಕಾಗುತ್ತದೆ. ಆ ಬೀಗ ತಿರುಗುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ಕೆಲವು ವಾಹನಗಳಲ್ಲಿ ಈ ಕೆಲಸಕ್ಕೆ ಪಾನಾವೂ ಬೇಡ. ಹಿಂದಿನ ತಲೆಮಾರಿನ ಮರ್ಸಿಡಿಸ್ ಸ್ಪ್ರಿಂಟರ್ ಮೇಲೆ ಕಟ್ಟಿದ ಮೋಟರ್‌ಹೋಮ್‌ಗಳಲ್ಲಿ ಆಕ್ಸಿಲರೇಟರ್ ಪೆಡಲಿನ ಪಕ್ಕದಲ್ಲೇ ಕೈಯಿಂದ ಬಿಚ್ಚಬಹುದಾದ ನೆಲಸಂಪರ್ಕದ ಕೊಂಡಿ ಇರುತ್ತದೆ. ಯುರೋಪಿನಲ್ಲಿ ಹೆಚ್ಚು ಕಾಣುವ ಫಿಯಟ್ ಡುಕಾಟೊದಲ್ಲಿ ಬ್ಯಾಟರಿ ಮುಂದಿನ ಸೀಟಿನ ಕಾಲಿಡುವ ಜಾಗದಲ್ಲಿ, ನೆಲದ ಮುಚ್ಚಳದ ಕೆಳಗೆ ಅಡಗಿರುತ್ತದೆ. ಎಲ್ಲಿದ್ದರೂ ಕ್ರಮ ಒಂದೇ: ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್.

ಮನೆಯ ಅಂಗಳದಲ್ಲೇ ನಿಲ್ಲಿಸುತ್ತೇವೆ. ಚಳಿಗಾಲ ಪೂರ್ತಿ ಮನೆಯ ಕರೆಂಟಿಗೆ ಪ್ಲಗ್ ಹಾಕಿಡಬಹುದೇ?

ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಬ್ಯಾಟರಿ ತುಂಬುವ ಕನ್ವರ್ಟರ್ ನಿಮ್ಮ ವಾಹನದಲ್ಲಿ ಯಾವುದಿದೆ ಎಂಬುದರ ಮೇಲೆ ಇದು ನಿಂತಿದೆ. 1990ರ ದಶಕದ ಮತ್ತು ಅದಕ್ಕೂ ಹಿಂದಿನ ಬಹಳಷ್ಟು ಕನ್ವರ್ಟರ್‌ಗಳು ಬ್ಯಾಟರಿ ತುಂಬಿದ್ದರೂ ತುಂಬದಿದ್ದರೂ ಒಂದೇ ವೋಲ್ಟೇಜ್ ಕೊಡುತ್ತಿದ್ದವು. ತಿಂಗಳುಗಟ್ಟಲೆ ಹಾಗೆ ಬಿಟ್ಟರೆ ಬ್ಯಾಟರಿಯ ನೀರು ಕುದಿದು ಪ್ಲೇಟುಗಳು ಒಣಗುತ್ತವೆ. ಇಂದಿನ ಬಹುಹಂತದ ಕನ್ವರ್ಟರ್‌ಗಳು ಹಾಗಲ್ಲ. ಉದಾಹರಣೆಗೆ ಪ್ರೋಗ್ರೆಸಿವ್ ಡೈನಾಮಿಕ್ಸ್ ಕಂಪನಿಯ ಚಾರ್ಜ್ ವಿಜರ್ಡ್ ವ್ಯವಸ್ಥೆಯಲ್ಲಿ ತುಂಬುವಾಗ 14.4 ವೋಲ್ಟ್, ಮಾಮೂಲಿ ಬಳಕೆಯಲ್ಲಿ 13.6, ಬಳಕೆಯಿಲ್ಲದೆ ನಿಂತಾಗ 13.2 ವೋಲ್ಟ್ ಇರುತ್ತದೆ. ನಿಂತ ಕಾಲದಲ್ಲಿ ಪ್ರತಿ 21 ಗಂಟೆಗೊಮ್ಮೆ 15 ನಿಮಿಷ 14.4ಕ್ಕೆ ಏರಿಸಿ ಒಳಗಿನ ಆಸಿಡ್ ಪದರಗಟ್ಟದಂತೆ ಕಲಕುತ್ತದೆ. ಇಂಥದ್ದಿದ್ದರೆ ಪ್ಲಗ್ ಹಾಕಿಡಿ, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಕನ್ವರ್ಟರ್ ಹಳೆಯದಾದರೆ ಅದನ್ನು ಬದಲಿಸುವುದೇ ಲೇಸು. ಅಲ್ಲಿಯವರೆಗೆ ಬ್ಯಾಟರಿ ಬೇರ್ಪಡಿಸಿ ಪ್ರತ್ಯೇಕ ಮೇಂಟೇನರ್ (ತುಂಬಿದ ಬ್ಯಾಟರಿ ಇಳಿಯದಂತೆ ಕಾಯುವ ಸಣ್ಣ ಚಾರ್ಜರ್) ಹಾಕಬಹುದು.

ಈ ಉತ್ತರದ ಎರಡನೆಯ ಭಾಗವನ್ನೇ ಜನ ಮರೆಯುವುದು. ಅಮೆರಿಕದ ಅನೇಕ ಮೋಟರ್‌ಹೋಮ್‌ಗಳಲ್ಲಿ ಹೊರಗಿನ ಪ್ಲಗ್ ಹೌಸ್ ಬ್ಯಾಟರಿಯನ್ನು ಮಾತ್ರ ತುಂಬುತ್ತದೆ, ಎಂಜಿನ್ ಬ್ಯಾಟರಿಯನ್ನು ಮುಟ್ಟುವುದಿಲ್ಲ. ಇಂಟೆಲಿಟೆಕ್ ಕಂಪನಿಯ ಬರ್ಡ್ ಎಂಬ ಎರಡೂ ದಿಕ್ಕಿನ ರಿಲೇ ಇರುವ ವಾಹನಗಳಲ್ಲಿ ಎರಡೂ ತುಂಬುತ್ತವೆ. ಇಲ್ಲದವರು ಟ್ರಿಕ್-ಎಲ್-ಸ್ಟಾರ್ಟ್‌ನಂಥ ಪುಟ್ಟ ಸಾಧನವನ್ನು ಎರಡು ಬ್ಯಾಟರಿಗಳ ನಡುವೆ ಕೂರಿಸಿಕೊಳ್ಳಬಹುದು. ಜರ್ಮನ್ ವಾಹನಗಳಲ್ಲಿ ಸಾಮಾನ್ಯವಾದ ಶೌಟ್ ಕಂಪನಿಯ ಎಲೆಕ್ಟ್ರೋಬ್ಲಾಕ್ ಎಂಬ ಚಾರ್ಜರ್ ಪೆಟ್ಟಿಗೆ ಎಂಜಿನ್ ಬ್ಯಾಟರಿಗೂ 2 ಆಂಪಿಯರ್‌ವರೆಗೆ ಹರಿಸುತ್ತದೆ. ನಿಮ್ಮದರಲ್ಲಿ ಯಾವುದಿದೆ ಎಂದು ತಿಳಿಯಲು ಕಾಗದಪತ್ರ ಹುಡುಕಬೇಕಾಗಿಲ್ಲ: ಪ್ಲಗ್ ಹಾಕುವ ಮೊದಲು ಮತ್ತು ಹಾಕಿ ಒಂದೆರಡು ಗಂಟೆಯ ನಂತರ ಎಂಜಿನ್ ಬ್ಯಾಟರಿಯ ವೋಲ್ಟೇಜ್ ನೋಡಿ. 13ರ ಮೇಲೇರಿದ್ದರೆ ತುಂಬುತ್ತಿದೆ.

ಅಂಗಳದ ಸಾಕೆಟ್ಟಿನ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಕಡಿಯುವ ಸುರಕ್ಷತಾ ಸ್ವಿಚ್) ಮಳೆಗೋ ಹಿಮಕ್ಕೋ ಟ್ರಿಪ್ ಆದರೆ ಪ್ಲಗ್ ಹಾಕಿದ್ದೂ ಹಾಕದಂತೆಯೇ. ಅಡುಗೆಮನೆಯ ಕಿಟಕಿಯಿಂದ ಕಾಣುವಂತೆ ಒಂದು ಸಣ್ಣ ದೀಪವನ್ನು ಅದೇ ಸಾಲಿನಲ್ಲಿ ಹಾಕಿಡುವುದು ಒಳ್ಳೆಯ ಉಪಾಯ.

ಸ್ಟೋರೇಜ್ ಜಾಗದಲ್ಲಿ ಕರೆಂಟ್ ಇಲ್ಲ. ಸೋಲಾರ್ ಪ್ಯಾನೆಲ್ ಹಾಕಿಸಬೇಕೇ?

ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಪೂರ್ತಿ ಬೇರ್ಪಡಿಸಿದ್ದರೆ ಬೇಕಾಗಿಲ್ಲ. ಮೇಲಿನ ಲೆಕ್ಕವನ್ನೇ ನೋಡಿ: 100 ಆಂಪಿಯರ್-ಅವರ್ ಬ್ಯಾಟರಿ ತಿಂಗಳಿಗೆ ತಾನಾಗಿ ಕಳೆದುಕೊಳ್ಳುವುದು 5 ಆಂಪಿಯರ್-ಅವರ್, ಚಳಿಯಲ್ಲಿ ಅದಕ್ಕೂ ಕಡಿಮೆ. ಪ್ಯಾನೆಲ್ ಬೇಕಾಗುವುದು ಅಲಾರಂ, ಟ್ರ್ಯಾಕರ್‌ನಂಥ ಕಡಿಯಲಾಗದ ಬಳಕೆ ಇರುವವರಿಗೆ. 100 ಮಿಲಿ ಆಂಪಿಯರ್ ಬಳಕೆ ಸರಿದೂಗಿಸಲು ದಿನಕ್ಕೆ ಸುಮಾರು 30 ವಾಟ್-ಅವರ್ ಬೇಕು. ಬೇಸಿಗೆಯಲ್ಲಿ 20 ವಾಟಿನ ಪ್ಯಾನೆಲ್ ಅದನ್ನು ಲೀಲಾಜಾಲವಾಗಿ ಕೊಡುತ್ತದೆ. ಆದರೆ ಡಿಸೆಂಬರ್ ಕೊನೆಯಲ್ಲಿ ಬ್ರಿಟನ್ನಿನ ಲಂಡನ್ನಿನಲ್ಲಿ ಹಗಲೇ ಎಂಟು ಗಂಟೆಗೆ ಕಡಿಮೆ. ಸೂರ್ಯ ದಿಗಂತಕ್ಕೆ ಹತ್ತಿರದಲ್ಲೇ ಸುತ್ತಿ ಮುಳುಗುತ್ತಾನೆ, ಚಾವಣಿಗೆ ಮಟ್ಟಸವಾಗಿ ಬಿಗಿದ ಪ್ಯಾನೆಲ್ಲಿಗೆ ಸಿಗುವುದು ಓರೆ ಬೆಳಕು. ಒಂಟಾರಿಯೊದಲ್ಲಿ ಹಿಮ ಮುಚ್ಚಿತೆಂದರೆ ಅದೂ ಇಲ್ಲ. ವಾಹನಕ್ಕೆ ಬಟ್ಟೆಯ ಕವರ್ ಹೊದಿಸುವವರಿಗೆ ಚಾವಣಿಯ ಪ್ಯಾನೆಲ್ ಅಲಂಕಾರಕ್ಕಷ್ಟೇ. ಹಾಕಿಸುವುದಾದರೆ ಬೇಕಾದದ್ದಕ್ಕಿಂತ ಹಲವು ಪಟ್ಟು ದೊಡ್ಡದನ್ನೇ ಹಾಕಿಸಿ, ಚಾರ್ಜ್ ಕಂಟ್ರೋಲರ್ ಇರಲಿ, ಅದು ಎರಡೂ ಬ್ಯಾಟರಿಗಳಿಗೆ ಔಟ್‌ಪುಟ್ ಇರುವಂಥದ್ದಾಗಿರಲಿ.

ವಾರಕ್ಕೊಮ್ಮೆ ಎಂಜಿನ್ ಹದಿನೈದು ನಿಮಿಷ ಓಡಿಸಿದರೆ ಸಾಕೆನ್ನುತ್ತಾರೆ, ನಿಜವೇ?

ಈ ಸಲಹೆಯನ್ನು ಕೈಬಿಡುವುದು ಒಳಿತು. ನಿಂತಲ್ಲೇ ಐಡಲ್‌ನಲ್ಲಿ ಓಡಿದರೆ ಸ್ಟಾರ್ಟ್ ಮಾಡಲು ಖರ್ಚಾದದ್ದು ಮರಳಿ ಬರಬಹುದು, ಆದರೆ ವಾರವಿಡೀ ಸೋರಿದ್ದು ತುಂಬುವುದಿಲ್ಲ. ಲೆಡ್-ಆಸಿಡ್ ಬ್ಯಾಟರಿಯ ಕೊನೆಯ ಶೇ. 15-20ರಷ್ಟು ತುಂಬಲು ಗಂಟೆಗಟ್ಟಲೆ ಬೇಕು, ಎಷ್ಟು ದೊಡ್ಡ ಆಲ್ಟರ್ನೇಟರ್ ಇದ್ದರೂ ಅದನ್ನು ಅವಸರಪಡಿಸಲಾಗದು. ಮೇಲಾಗಿ ಎಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ನೀರು ಕೂರುತ್ತದೆ. ಒಂದೋ ತಿಂಗಳಿಗೊಮ್ಮೆ ರಸ್ತೆಗಿಳಿಸಿ ಗಂಟೆ ಹೊತ್ತು ಓಡಿಸಿ, ಇಲ್ಲವೇ ಮುಟ್ಟಲೇಬೇಡಿ. ಜನರೇಟರ್ ವಿಷಯ ಬೇರೆ. ತಿಂಗಳಿಗೊಮ್ಮೆ ಎರಡು ಗಂಟೆ, ಅರ್ಧದಷ್ಟು ಲೋಡ್ ಹಾಕಿ ಓಡಿಸಿದರೆ ಕಾರ್ಬ್ಯುರೇಟರಿಗೂ ಒಳ್ಳೆಯದು, ಕನ್ವರ್ಟರ್ ಮೂಲಕ ಹೌಸ್ ಬ್ಯಾಟರಿಗೂ ಅಷ್ಟಿಷ್ಟು ಸೇರುತ್ತದೆ.

ಚಳಿಗೆ ಬ್ಯಾಟರಿ ಹೆಪ್ಪುಗಟ್ಟುತ್ತದೆಯೇ? ಬಿಚ್ಚಿ ಒಳಗೆ ತರಬೇಕೇ?

ತುಂಬಿದ ಬ್ಯಾಟರಿ ಹೆಪ್ಪುಗಟ್ಟುವುದಿಲ್ಲ, ಖಾಲಿ ಬ್ಯಾಟರಿ ಹೆಪ್ಪುಗಟ್ಟುತ್ತದೆ. ಪೂರ್ತಿ ಚಾರ್ಜ್ ಇದ್ದಾಗ ಒಳಗಿನ ಆಸಿಡ್ ಮೈನಸ್ 50 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ದ್ರವವಾಗಿಯೇ ಇರುತ್ತದೆ. ಚಾರ್ಜ್ ಇಳಿದಂತೆ ಆಸಿಡ್ ತೆಳುವಾಗಿ ನೀರಿಗೆ ಹತ್ತಿರವಾಗುತ್ತದೆ. ಪೂರ್ತಿ ಖಾಲಿಯಾದಾಗ ಮೈನಸ್ 7 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಿ ಡಬ್ಬಿ ಬಿರಿಯುತ್ತದೆ. ಮಿನೆಸೋಟಾದ ಜನವರಿ ರಾತ್ರಿಗೆ ಅದು ಏನೇನೂ ಅಲ್ಲ. ಆದ್ದರಿಂದ ತುಂಬಿಸಿ ಬೇರ್ಪಡಿಸಿದ ಬ್ಯಾಟರಿಯನ್ನು ವಾಹನದಲ್ಲೇ ಬಿಡಬಹುದು, ಚಳಿ ಅದಕ್ಕೆ ಉಪಕಾರವನ್ನೇ ಮಾಡುತ್ತದೆ.

ಮಧ್ಯೆ ಹೋಗಿ ನೋಡಲು ಆಗುವುದೇ ಇಲ್ಲವೆನ್ನುವವರು ಗ್ಯಾರೇಜಿಗೆ ತಂದಿಡಬಹುದು. ಬಿಚ್ಚುವ ಮುನ್ನ ತಂತಿಗಳ ಫೋಟೋ ತೆಗೆದುಕೊಳ್ಳಿ, ವಿಶೇಷವಾಗಿ 6 ವೋಲ್ಟಿನ ಜೋಡಿ ಇದ್ದರೆ. ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ಮಾತು ಮರದ ಮತ್ತು ರಬ್ಬರಿನ ಡಬ್ಬಿಗಳ ಕಾಲದ್ದು. ಇಂದಿನ ಪಾಲಿಪ್ರೊಪಿಲೀನ್ ಡಬ್ಬಿಗೆ ನೆಲ ಯಾವುದಾದರೂ ಒಂದೇ.

ನಮ್ಮದು ಲಿಥಿಯಂ ಬ್ಯಾಟರಿ. ಇದೇ ನಿಯಮಗಳೇ?

ಕೆಲವು ನಿಯಮಗಳು ತಲೆಕೆಳಗಾಗುತ್ತವೆ. ಮೋಟರ್‌ಹೋಮ್‌ಗಳಲ್ಲಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಫ್ಲೋಟ್ ಚಾರ್ಜ್‌ನಲ್ಲಿ (ತುಂಬಿದ ಮೇಲೂ ಚಾರ್ಜರಿಗೆ ಸಿಕ್ಕಿಸಿದ ಸ್ಥಿತಿಯಲ್ಲಿ) ಇಡಬಾರದು. ಅರ್ಧದಷ್ಟು, ಶೇ. 50-60ರ ಸುಮಾರಿಗೆ ಇಳಿಸಿ ಬೇರ್ಪಡಿಸಿಡುವುದು ಅದಕ್ಕೆ ಹಿತ. ನಿಮ್ಮ ಬ್ಯಾಟರಿಯ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದನ್ನೇ ಪಾಲಿಸಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೇಬಾರದು. ಆ ಚಳಿಯಲ್ಲಿ ಲಿಥಿಯಂ ಪ್ಲೇಟಿನ ಒಳಗೆ ಸೇರದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಆ ಹಾನಿ ಶಾಶ್ವತ. ಒಳ್ಳೆಯ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಎಲೆಕ್ಟ್ರಾನಿಕ್ ವ್ಯವಸ್ಥೆ) ಇದನ್ನು ತಾನೇ ತಡೆಯುತ್ತದೆ. ಒಳಗೇ ಹೀಟರ್ ಇರುವ ಬ್ಯಾಟರಿಗಳಲ್ಲಿ ಆ ಹೀಟರ್ ಬ್ಯಾಟರಿಯಿಂದಲೇ ವಿದ್ಯುತ್ ಪಡೆಯುವಂತಿದ್ದರೆ ನಿಲ್ಲಿಸುವ ಕಾಲದಲ್ಲಿ ಅದನ್ನು ಆಫ್ ಮಾಡಿ.

ವೋಲ್ಟೇಜ್ ನೋಡಿ ಲಿಥಿಯಂನ ಚಾರ್ಜ್ ಊಹಿಸುವುದು ವ್ಯರ್ಥ. ಶೇ. 90ರಿಂದ 30ರವರೆಗೂ ಅದು 13 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಒಳಬಂದ, ಹೊರಹೋದ ಆಂಪಿಯರನ್ನು ಶಂಟ್ ಎಂಬ ಬಿಡಿಭಾಗದಿಂದ ಅಳೆದು ಲೆಕ್ಕ ಇಡುವ ಮಾನಿಟರ್ ಬೇಕು.

ಅರಿಜೋನಾದಂಥ ಬಿಸಿ ಊರಿನಲ್ಲಿ ಬೇಸಿಗೆಗೆ ನಿಲ್ಲಿಸುವವರು ಏನು ಮಾಡಬೇಕು?

ಅಲ್ಲಿ ಶತ್ರು ತಿರುಗುಮುರುಗು. ಫೀನಿಕ್ಸ್‌ನಲ್ಲಿ ಜುಲೈ ಹಗಲು 40 ಡಿಗ್ರಿ ದಾಟುವುದು ನಿತ್ಯದ ಮಾತು. ಮುಚ್ಚಿದ ಬ್ಯಾಟರಿ ಅರೆಯೊಳಗೆ ಇನ್ನೂ ಹೆಚ್ಚು. ತಾನಾಗಿ ಇಳಿಯುವ ವೇಗ ಮೂರು ನಾಲ್ಕು ಪಟ್ಟಾಗುತ್ತದೆ, ನೀರು ಬೇಗ ಆರುತ್ತದೆ. ಬೇರ್ಪಡಿಸಿದರೂ ಆರರಿಂದ ಎಂಟು ವಾರಕ್ಕೊಮ್ಮೆ ಮರುಚಾರ್ಜ್ ಬೇಕು. ಚಾರ್ಜರಿನಲ್ಲೇ ಬಿಡುವುದಾದರೆ ತಾಪಕ್ಕೆ ತಕ್ಕಂತೆ ವೋಲ್ಟೇಜ್ ತಗ್ಗಿಸುವ ಸೆನ್ಸರ್ ಇರಲಿ. ಬಿಸಿಲಿಗೆ ಬರವಿಲ್ಲದ ಊರಾದ್ದರಿಂದ ಸೋಲಾರ್ ಅಲ್ಲಿ ನಿಜಕ್ಕೂ ದುಡಿಯುತ್ತದೆ.

ಬೆಂಗಳೂರಿನಲ್ಲಿ ಕ್ಯಾಂಪರ್ ವ್ಯಾನ್ ಇದೆ. ಮಳೆಗಾಲದಲ್ಲಿ ಹೊರತೆಗೆಯುವುದಿಲ್ಲ. ಇವು ಅನ್ವಯಿಸುತ್ತವೆಯೇ?

ಹೆಪ್ಪುಗಟ್ಟುವ ಭಯವನ್ನು ಬಿಟ್ಟು ಮಿಕ್ಕದ್ದೆಲ್ಲ ಅನ್ವಯಿಸುತ್ತದೆ. ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿಸಿದ ವ್ಯಾನ್‌ಗಳಲ್ಲಿ ಮನೆಯ ಯುಪಿಎಸ್‌ಗೆ ಬಳಸುವ ಟ್ಯೂಬುಲರ್ ಬ್ಯಾಟರಿಯನ್ನೇ ಕೂರಿಸಿರುವುದುಂಟು. ಅದರ ಆಂಟಿಮನಿ ಬೆರೆತ ಪ್ಲೇಟುಗಳು ತಾನಾಗಿ ಇಳಿಯುವುದು ತುಸು ಹೆಚ್ಚು, ನೀರೂ ಹೆಚ್ಚು ಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸೋಲಾರ್ ಮಾತೇ ಇಲ್ಲ. ಸಂಘದ ಒಪ್ಪಿಗೆ ಪಡೆದು ತಿಂಗಳಿಗೊಂದು ದಿನ ಪ್ಲಗ್ ಹಾಕಿಕೊಂಡರೂ ಸಾಕು. ಅಮೆರಿಕದಿಂದ ತಂದ ಮೇಂಟೇನರ್ 120 ವೋಲ್ಟಿನದಷ್ಟೇ ಆಗಿದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ, ಹಿಂಬದಿಯ ಚೀಟಿ ಓದಿ. ಬಾಡಿಗೆಗೆಂದು ನೋಂದಾಯಿಸಿದ ವ್ಯಾನಿನಲ್ಲಿ ಎಐಎಸ್-140 ಎಂಬ ಭಾರತೀಯ ಮಾನದಂಡದ ಟ್ರ್ಯಾಕರ್ ಇರುತ್ತದೆ, ಅದರ ಬಳಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಲೆನಾಡಿನ ಕಡೆ ನಿಲ್ಲಿಸುವವರು ಟರ್ಮಿನಲ್ಲುಗಳನ್ನು ಉಜ್ಜಿ ವ್ಯಾಸಲೀನ್ ಬಳಿದಿಡಬೇಕು, ಇಲ್ಲವಾದರೆ ಆಷಾಢ ಮುಗಿಯುವಷ್ಟರಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ.

ಎಷ್ಟು ವೋಲ್ಟ್ ಇದ್ದರೆ ಸರಿ? ಈಗಾಗಲೇ ಪೂರ್ತಿ ಇಳಿದಿದ್ದರೆ ಉಳಿಸಬಹುದೇ?

ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ ಮಾಮೂಲಿ ಲೆಡ್-ಆಸಿಡ್‌ನಲ್ಲಿ 12.6-12.7 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. ಎಜಿಎಂನಲ್ಲಿ ಈ ಅಂಕಿಗಳು ಸ್ವಲ್ಪ ಮೇಲಿರುತ್ತವೆ. ತಿಂಗಳಿಗೊಮ್ಮೆ ನೋಡಿ, 12.4ಕ್ಕೆ ಇಳಿದಾಗಲೇ ಮರುಚಾರ್ಜ್ ಮಾಡಿ, 12ರವರೆಗೆ ಕಾಯಬೇಡಿ.

11ಕ್ಕಿಂತ ಕೆಳಗಿಳಿದು ಕೆಲವೇ ದಿನಗಳಾಗಿದ್ದರೆ ಉಳಿಯುವ ಆಸೆ ಇದೆ. ಮೊದಲು ಡಬ್ಬಿ ಉಬ್ಬಿದೆಯೇ, ಬಿರಿದಿದೆಯೇ, ಒಳಗೆ ಮಂಜುಗಡ್ಡೆ ಇದೆಯೇ ಎಂದು ನೋಡಿ. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಾಕಿದರೆ ಸಿಡಿಯಬಹುದು. ಬೆಚ್ಚಗಿನ ಜಾಗದಲ್ಲಿ ಒಂದು ದಿನ ಬಿಟ್ಟು, ಬಿರುಕಿಲ್ಲವೆಂದು ಖಚಿತವಾದರೆ ಮಾತ್ರ ಮುಂದುವರಿಯಿರಿ. ಪ್ಲೇಟು ಮುಳುಗುವಷ್ಟು ಮಾತ್ರ ನೀರು ಹಾಕಿ, ಗಾಳಿಯಾಡುವ ಕಡೆ ಕಡಿಮೆ ಆಂಪಿಯರಿನಲ್ಲಿ ಒಂದೆರಡು ದಿನ ಚಾರ್ಜ್ ಮಾಡಿ. ಸ್ಮಾರ್ಟ್ ಚಾರ್ಜರ್ ಇಷ್ಟು ಕೆಳಗಿನ ವೋಲ್ಟೇಜನ್ನು ಬ್ಯಾಟರಿಯೆಂದೇ ಗುರುತಿಸದಿದ್ದರೆ ಕೈಯಿಂದ ಚಾಲೂ ಮಾಡುವ ವಿಧಾನ ಅದರಲ್ಲಿದೆಯೇ ನೋಡಿ. ಲಿಥಿಯಂನ ಬಿಎಂಎಸ್ ಕಡಿದುಕೊಂಡಿದ್ದರೂ ಇದೇ ಸಮಸ್ಯೆ ಬರುತ್ತದೆ, ಅದನ್ನು ಎಬ್ಬಿಸುವ ವ್ಯವಸ್ಥೆ ಇರುವ ಚಾರ್ಜರ್ ಬೇಕಾಗುತ್ತದೆ. ಚಾರ್ಜ್ ಆದ ಮೇಲೆ ಒಂದು ರಾತ್ರಿ ಬಿಟ್ಟು ಅಳೆದಾಗ 12.4ನ್ನೂ ಹಿಡಿದಿಡದ ಬ್ಯಾಟರಿಯನ್ನು ಬದಲಿಸಿ. ಬದಲಿಸುವಾಗ ಹಳೆಯದನ್ನು ಅಂಗಡಿಗೆ ಒಯ್ಯುವುದನ್ನು ಮರೆಯಬೇಡಿ. ಅಮೆರಿಕದಲ್ಲಿ ಹೊಸ ಬ್ಯಾಟರಿಯ ಬೆಲೆಯೊಂದಿಗೆ ಹಿಡಿದುಕೊಳ್ಳುವ ಕೋರ್ ಠೇವಣಿ ಹಳೆಯದನ್ನು ಕೊಟ್ಟರಷ್ಟೇ ವಾಪಸ್ಸು ಸಿಗುತ್ತದೆ.